ಎಂಟು ಪುಟಗಳಲ್ಲಿ ನಮ್ಮೂರು

ಅಂಚೆಚೀಟಿ ಸಂಗ್ರಹ, ನಾಣ್ಯ ಸಂಗ್ರಹ, ಪತ್ರಮೈತ್ರಿ. ಇವು ಒಂದು ಕಾಲದ ವಿದ್ಯಾರ್ಥಿಗಳ ಮೆಚ್ಚಿನ ಹವ್ಯಾಸಗಳಾಗಿದ್ದವು. ಛಾಯಾಗ್ರಹಣ ಮಾತ್ರ ಆಗ ಉಳ್ಳವರ ಮನೆಯ ಮಾತು. ಕ್ಯಾಮೆರಾ ಬೇಕು, 36 ಚಿತ್ರಗಳ ರೀಲು ಬೇಕು, ಅದನ್ನು ತೊಳೆಸಿ ಪ್ರಿಂಟ್ ಹಾಕಿಸಲು ಪೇಟೆಗೆ ಹೋಗಬೇಕು. ಗುಂಡಿ ಒತ್ತುವ ಪ್ರತಿ ಸಲವೂ ದುಡ್ಡಿನ ಲೆಕ್ಕ. ಇಂದು ಪರಿಸ್ಥಿತಿ ತಿರುಗುಮುರುಗಾಗಿದೆ. ಹೊಲಕ್ಕೆ ಬುತ್ತಿ ಒಯ್ಯುವವರ ಕೈಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಬಂದಿದೆ. ಒಂದು ಮದುವೆಯಲ್ಲಿ ಸಾವಿರ ಚಿತ್ರ ತೆಗೆದರೂ ಕೇಳುವವರಿಲ್ಲ.

ಆದರೆ ಆ ಸಾವಿರ ಚಿತ್ರಗಳನ್ನು ಮತ್ತೆ ನೋಡುವವರು ಎಷ್ಟು ಮಂದಿ? ಮೊಬೈಲ್ ಕೆಟ್ಟಿತೆಂದರೆ, ಕಳೆಯಿತೆಂದರೆ, ಅದರೊಳಗಿನ ಅಜ್ಜನ ಕೊನೆಯ ಚಿತ್ರವೂ ಹೋಯಿತು. ಅಜ್ಜಿಯ ಕಾಲದ ಕಪ್ಪು-ಬಿಳುಪು ಫೋಟೊ ಗೋಡೆಯ ಮೊಳೆಯಲ್ಲಿ ಇನ್ನೂ ತೂಗುತ್ತಿದೆ. ಮೊಮ್ಮಗನ ಬಾಲ್ಯದ ಚಿತ್ರ ಮಾತ್ರ ಎಲ್ಲಿದೆಯೋ ಮನೆಯವರಿಗೇ ಗೊತ್ತಿಲ್ಲ. ಇದು ಇಂದಿನ ಅನೇಕ ಮನೆಗಳ ಕಥೆ.

ಇದಕ್ಕೊಂದು ಸರಳ, ಅಗ್ಗದ ಉಪಾಯವಿದೆ. ತೆಗೆದ ಚಿತ್ರಗಳಲ್ಲಿ ಒಳ್ಳೆಯವನ್ನು ಆರಿಸಿ ಸ್ವಂತ ಕೈಯಿಂದ ಒಂದು ಕಿರುಹೊತ್ತಿಗೆ ಮಾಡುವುದು, ಹತ್ತಿಪ್ಪತ್ತು ಪ್ರತಿ ತೆಗೆಯುವುದು, ತಮ್ಮಂಥದೇ ಹವ್ಯಾಸವುಳ್ಳ ಗೆಳೆಯರಿಗೆ ಕೊಟ್ಟು ಅವರದನ್ನು ಪಡೆಯುವುದು. ಇಂಥ ಹೊತ್ತಿಗೆಗೆ ಜಗತ್ತಿನಲ್ಲಿ ಈಗ 'ಝೀನ್' ಎಂಬ ಹೆಸರು ರೂಢಿಯಲ್ಲಿದೆ.

ಏನಿದು ಝೀನ್?

ಮ್ಯಾಗಝೀನ್ ಎಂಬ ಪದದ ಬಾಲವೇ ಝೀನ್. 1930ರ ಮೇ ತಿಂಗಳಿನಲ್ಲಿ ಅಮೆರಿಕದ ಷಿಕಾಗೊದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳು 'ದಿ ಕಾಮೆಟ್' ಎಂಬ ಪುಟ್ಟ ಪತ್ರಿಕೆಯನ್ನು ತಾವೇ ಅಚ್ಚು ಮಾಡಿ ಹಂಚಿಕೊಂಡರು. ಇಂಥ ಅಭಿಮಾನಿ ಪತ್ರಿಕೆಗಳಿಗೆ 'ಫ್ಯಾನ್‌ಝೀನ್' ಎಂಬ ಹೆಸರಿಟ್ಟವನು ಲೂಯಿಸ್ ರಸೆಲ್ ಶೋವನೆ, 1940ರಲ್ಲಿ. ಸಂಪಾದಕ, ಪ್ರಕಾಶಕ, ಮುದ್ರಕ, ಪೋಸ್ಟ್‌ಮ್ಯಾನ್ ಎಲ್ಲವೂ ಒಬ್ಬನೇ ಆಗಿರುವುದು ಝೀನ್‌ನ ಲಕ್ಷಣ. ಲಾಭದ ಆಸೆ ಇಲ್ಲಿಲ್ಲ. ಒಂದು ಕೊಟ್ಟು ಒಂದು ಪಡೆಯುವುದೇ ಇಲ್ಲಿನ ವ್ಯಾಪಾರ.

ಛಾಯಾಚಿತ್ರಗಳ ಹೊತ್ತಿಗೆಯ ಬೇರು ಇದಕ್ಕಿಂತಲೂ ಹಳೆಯದು. ಇಂಗ್ಲೆಂಡಿನ ಸಸ್ಯಪ್ರೇಮಿ ಅನ್ನಾ ಅಟ್ಕಿನ್ಸ್ (1799-1871) ಎಂಬ ಮಹಿಳೆ ಸಮುದ್ರದ ಪಾಚಿಗಳನ್ನು ಸಂಗ್ರಹಿಸುತ್ತಿದ್ದರು. ಅವುಗಳ ನವಿರಾದ ಎಳೆಗಳನ್ನು ಕೈಯಿಂದ ಚಿತ್ರಿಸುವುದು ಕಷ್ಟ. ಅವರ ಕುಟುಂಬದ ಸ್ನೇಹಿತ, ಪ್ರಸಿದ್ಧ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಅಟ್ಕಿನ್ಸ್ ಅದೇ ವಿಧಾನದಿಂದ ಪಾಚಿಗಳ ನೆರಳನ್ನು ಕಾಗದದ ಮೇಲೆ ಹಿಡಿದರು. ವಿವರಣೆಯನ್ನು ಕೈಯಲ್ಲೇ ಬರೆದು ಅದನ್ನೂ ಅದೇ ನೀಲಿಯಲ್ಲಿ ಮೂಡಿಸಿದರು. 1843ರಿಂದ ಸುಮಾರು ಹತ್ತು ವರ್ಷ ಕಂತು ಕಂತಾಗಿ ಸ್ನೇಹಿತರಿಗೆ, ವಿದ್ವಾಂಸರಿಗೆ ಕಳುಹಿಸಿಕೊಟ್ಟರು. ಛಾಯಾಚಿತ್ರಗಳಿರುವ ಜಗತ್ತಿನ ಮೊದಲ ಪುಸ್ತಕವೆಂದು ಇತಿಹಾಸಕಾರರು ಗುರುತಿಸುವುದು ಇದನ್ನೇ. ಯಾವ ದೊಡ್ಡ ಪ್ರಕಾಶಕರ ಹೆಸರೂ ಅದರ ಮೇಲಿಲ್ಲ. ಒಬ್ಬ ಹವ್ಯಾಸಿ ಮಹಿಳೆ ಮನೆಯಲ್ಲಿ ಕುಳಿತು ಮಾಡಿ ಹಂಚಿದ ಹೊತ್ತಿಗೆ ಅದು!

ನಮ್ಮ ನಾಡಿನ ಹಾದಿ

ಹಾಗೆಂದು ಇದು ಪರದೇಶದ ಸರಕು ಎಂದು ಭಾವಿಸಬೇಕಿಲ್ಲ. ನಮ್ಮ ಶಾಲೆಗಳಲ್ಲಿ ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆಗಳ ಪದ್ಧತಿ ಹಿಂದಿನಿಂದಲೂ ಬಂದಿದೆ. ಧಾರವಾಡದಲ್ಲಿ 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ಗೆಳೆಯರು ಆರಂಭಿಸಿದ 'ಸಂಕ್ರಮಣ' ಕನ್ನಡದ ಕಿರುಪತ್ರಿಕೆಗಳ ಸಾಲಿನಲ್ಲಿ ದೊಡ್ಡ ಹೆಸರು. ಪಕ್ಷಿಪ್ರೇಮಿ ಜಾಫರ್ ಫತೇಹಳ್ಳಿಯವರು 1960ರ ಸುಮಾರಿಗೆ ಆರಂಭಿಸಿ ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಕಳುಹಿಸುತ್ತಿದ್ದ ಪಕ್ಷಿವೀಕ್ಷಕರ ವಾರ್ತಾಪತ್ರ ದೇಶದ ಮೂಲೆಮೂಲೆಯ ಹವ್ಯಾಸಿಗಳನ್ನು ಒಂದುಗೂಡಿಸಿತು.

ಛಾಯಾಗ್ರಹಣದಲ್ಲಂತೂ ಕರ್ನಾಟಕದ ಹವ್ಯಾಸಿಗಳದು ಎತ್ತಿದ ಕೈ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ವನ್ಯಜೀವಿಗಳ ಚಿತ್ರಗಳಿಂದ ನಾಡಿಗೆ ಕೀರ್ತಿ ತಂದರು. ಆ ಕಾಲದ ಹವ್ಯಾಸಿಗಳು ಕತ್ತಲೆ ಕೋಣೆಯಲ್ಲಿ ತೊಳೆದ ಪ್ರಿಂಟುಗಳನ್ನು ರಟ್ಟಿನ ನಡುವೆ ಜೋಪಾನವಾಗಿಟ್ಟು ದೂರದೂರದ ಸ್ಪರ್ಧಾ ಪ್ರದರ್ಶನಗಳಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ.

ದಯಾನಿತಾ ಸಿಂಗ್ ಅವರ ಉದಾಹರಣೆ ಇನ್ನೂ ಹತ್ತಿರದ್ದು. 2022ರಲ್ಲಿ ಛಾಯಾಗ್ರಹಣದ ದೊಡ್ಡ ಗೌರವವಾದ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಪಡೆದ ಈ ಕಲಾವಿದೆ, ಜತೆಗೆ ಪ್ರಯಾಣಿಸಿದ ಗೆಳೆಯರಿಗಾಗಿ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಪುಟ್ಟ ಚಿತ್ರಪುಸ್ತಕಗಳನ್ನು ಮಾಡುತ್ತಿದ್ದರು. ಒಂದು ಪ್ರತಿ ಗೆಳೆಯರಿಗೆ, ಒಂದು ತಮಗೆ. ಅಂಥ ಏಳು ಪುಸ್ತಕಗಳು 2008ರಲ್ಲಿ 'ಸೆಂಟ್ ಎ ಲೆಟರ್' ಎಂಬ ಹೆಸರಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ಪ್ರಕಟವಾದವು. ಆ ಏಳರಲ್ಲಿ ಒಂದು ಅವರ ತಾಯಿ ನೋನಿ ಸಿಂಗ್ ತೆಗೆದ ಚಿತ್ರಗಳದು. ಗೆಳೆಯನಿಗೆ ಬರೆದ ಪತ್ರವೇ ಕಲೆಯಾದದ್ದು ಹೀಗೆ.

ಮಾಡುವ ಬಗೆ

ಒಂದು ಎ-4 ಹಾಳೆ, ಒಂದು ಕತ್ತರಿ ಸಾಕು. ಹಾಳೆಯ ಅಳತೆ 297 ಮತ್ತು 210 ಮಿಲಿಮೀಟರ್. ಅದನ್ನು ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು ಭಾಗವಾಗಿ ಮಡಿಸಿ ಬಿಚ್ಚಿದರೆ ಎಂಟು ಮನೆಗಳು ಮೂಡುತ್ತವೆ. ಪ್ರತಿ ಮನೆ ಸುಮಾರು 74 ಮತ್ತು 105 ಮಿಲಿಮೀಟರಿನದು. ದೊಡ್ಡ ಹಾಳೆಯ ಉದ್ದ-ಅಗಲದ ಅನುಪಾತವೇ ಚಿಕ್ಕ ಮನೆಯಲ್ಲೂ ಉಳಿದಿರುವುದನ್ನು ಮಕ್ಕಳು ಗಮನಿಸಲಿ. ಎರಡರ ವರ್ಗಮೂಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗದು.

ಈಗ ಹಾಳೆಯನ್ನು ಅಡ್ಡಲಾಗಿ ಇಟ್ಟು, ಎಡ-ಬಲದ ಅಂಚುಗಳು ಕೂಡುವಂತೆ ಮಡಿಸಿ. ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ದೂರ ಮಾತ್ರ ಕತ್ತರಿಸಿ. ಬಿಚ್ಚಿ, ಉದ್ದುದ್ದಕ್ಕೆ ಮಡಿಸಿ, ಎರಡೂ ತುದಿ ಹಿಡಿದು ಒಳಕ್ಕೆ ನೂಕಿದರೆ ನಡುವಿನ ಸೀಳು ಬಾಯ್ದೆರೆದು ನಾಲ್ಕು ಎಲೆಗಳಾಗುತ್ತವೆ. ಮಡಿಸಿ ಒತ್ತಿದರೆ ಎಂಟು ಪುಟದ ಹೊತ್ತಿಗೆ ಸಿದ್ಧ. ದಾರವಿಲ್ಲ, ಅಂಟಿಲ್ಲ, ಪಿನ್ನಿಲ್ಲ!

ಪುಟಗಳ ಕ್ರಮ ಹೀಗಿದೆ. ಕೆಳಸಾಲಿನಲ್ಲಿ ಎಡದಿಂದ ಬಲಕ್ಕೆ 8, 1, 2, 3. ಮೇಲಿನ ಸಾಲಿನಲ್ಲಿ ತಲೆಕೆಳಗಾಗಿ 7, 6, 5, 4. ಮೊದಲು ಖಾಲಿ ಹೊತ್ತಿಗೆ ಮಾಡಿ ಪೆನ್ಸಿಲ್ಲಿನಿಂದ ಸಂಖ್ಯೆ ಬರೆದು, ಮತ್ತೆ ಬಿಚ್ಚಿ ನೋಡಿದರೆ ಗೊಂದಲವೇ ಇರದು. ಚಿತ್ರಗಳನ್ನು ಅಂಟಿಸಿ, ಅಡಿಬರಹ ಬರೆದು, ಮೂಲ ಹಾಳೆಯನ್ನು ಜೆರಾಕ್ಸ್ ಮಾಡಿಸಿದರಾಯಿತು. ಹತ್ತು ಪ್ರತಿಯ ಖರ್ಚು ಒಂದು ಪ್ಲೇಟ್ ಸುಸಲಾ-ಮಿರ್ಚಿ ಭಜಿಯ ಆಚೀಚೆ ಇರಬಹುದು, ಅಷ್ಟೇ.

'ನಮ್ಮದು ಸಾದಾ ಮೊಬೈಲ್, ಚಿತ್ರ ಚೆನ್ನಾಗಿ ಬರದು' ಎಂದು ಕೊರಗಬೇಡಿ. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೂ ಈ ಪುಟಕ್ಕೆ ಬೇಕಾದದ್ದು ಸುಮಾರು 11 ಲಕ್ಷ ಚುಕ್ಕೆಗಳು. ಅಷ್ಟು ಸಾಮರ್ಥ್ಯ ಅಗ್ಗದ ಮೊಬೈಲಿಗೂ ಇದೆ. ಜೆರಾಕ್ಸ್ ಯಂತ್ರ ತಿಳಿಬೂದಿ-ಕಡುಬೂದಿ ಬಣ್ಣಗಳ ಸೂಕ್ಷ್ಮ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಆದ್ದರಿಂದ ಬೆಳಕು-ನೆರಳು ಸ್ಪಷ್ಟವಾಗಿರುವ, ಮುಂಜಾನೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರಗಳನ್ನು ಆರಿಸಿಕೊಳ್ಳುವುದು ಜಾಣತನ. ಈ ಯಂತ್ರದ ಮೂಲ ತತ್ವವನ್ನು ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಪುಡಿಯನ್ನು ಕಾಗದಕ್ಕೆ ಎಳೆಯುವುದು ಸ್ಥಿರ ವಿದ್ಯುತ್ತು. ತಲೆ ಬಾಚಿದ ಬಾಚಣಿಕೆ ಕಾಗದದ ಚೂರುಗಳನ್ನು ಎಳೆಯುವುದೂ ಅದರಿಂದಲೇ.

ಬಿಸಿಲೇ ಮುದ್ರಣಾಲಯ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೇರೆ ಯಾವುದಕ್ಕೆ ಬರವಿದ್ದರೂ ಬಿಸಿಲಿಗೆ ಬರವಿಲ್ಲ. ಅಟ್ಕಿನ್ಸ್ ಅವರ ನೀಲಿ ಮುದ್ರಣಕ್ಕೆ ಬೇಕಾದದ್ದು ಅದೇ. 100 ಮಿಲಿಲೀಟರ್ ನೀರಿನಲ್ಲಿ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿಲಿಲೀಟರ್ ನೀರಿನಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಕರಗಿಸಬೇಕು. ಮಬ್ಬು ಬೆಳಕಿನ ಕೋಣೆಯಲ್ಲಿ ಎರಡನ್ನೂ ಸಮವಾಗಿ ಬೆರೆಸಿ ದಪ್ಪ ಕಾಗದಕ್ಕೆ ಸವರಿ, ಕತ್ತಲಲ್ಲೇ ಒಣಗಿಸಬೇಕು. ಅದರ ಮೇಲೆ ಒಂದು ಬೇವಿನ ಎಲೆ, ಮೇಲೊಂದು ಗಾಜು ಇಟ್ಟು ಬಿಸಿಲಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಬಣ್ಣ ಬದಲಾಗುತ್ತದೆ. ನೀರಿನಲ್ಲಿ ತೊಳೆದರೆ ನೀಲಿ ನೆಲದ ಮೇಲೆ ಬಿಳಿ ಎಲೆ ಮೂಡುತ್ತದೆ!

ಬಿಸಿಲಿನ ನೇರಳಾತೀತ ಕಿರಣಗಳು ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿಸುತ್ತವೆ. ಅದು ಫೆರಿಸಯನೈಡಿನೊಂದಿಗೆ ಸೇರಿ ನೀರಿನಲ್ಲಿ ಕರಗದ ನೀಲಿಯಾಗುತ್ತದೆ. ಎಲೆಯ ನೆರಳಿದ್ದಲ್ಲಿ ಕ್ರಿಯೆ ನಡೆಯದ ಕಾರಣ ಅಲ್ಲಿನ ದ್ರಾವಣ ತೊಳೆದುಹೋಗುತ್ತದೆ. ಇಂಜಿನಿಯರರ 'ಬ್ಲೂಪ್ರಿಂಟ್' ಹುಟ್ಟಿದ್ದೂ ಹೀಗೆಯೇ. ಒಂದು ಎಚ್ಚರಿಕೆ: ಇದನ್ನು ಶಿಕ್ಷಕರ ಸಮ್ಮುಖದಲ್ಲಿ, ಕೈಗವಸು ಹಾಕಿಕೊಂಡೇ ಮಾಡಬೇಕು. ಅಡುಗೆ ಪಾತ್ರೆ ಬಳಸಬಾರದು. ಫೆರಿಸಯನೈಡಿಗೆ ಆಮ್ಲ ಸೇರಿಸಬಾರದು, ಕಾಯಿಸಲೂಬಾರದು. ವಿಷಾನಿಲ ಏಳುವ ಅಪಾಯವಿದೆ.

ಏನನ್ನು ತೆಗೆಯಬೇಕು?

ಕಲ್ಯಾಣ ಕರ್ನಾಟಕ ಎಂದೊಡನೆ ಹೊರಗಿನವರ ಕಣ್ಣಿಗೆ ಬರುವುದು ಬಿರುಕುಬಿಟ್ಟ ನೆಲ, ಖಾಲಿ ಕೊಡಗಳ ಸಾಲು. ಅದೂ ನಿಜವೇ. ಆದರೆ ಅದಷ್ಟೇ ನಿಜವಲ್ಲ. ಹೂಬಿಟ್ಟ ತೊಗರಿ ಹೊಲ, ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿ, ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಿ ಹೊಲದಲ್ಲೇ ಉಣ್ಣುವ ಬಂಧುಬಳಗ, ಸಜ್ಜೆ ರೊಟ್ಟಿ ಬಡಿಯುವ ಕೈಗಳು. ಇವುಗಳ ಚಿತ್ರವನ್ನು ಯಾರು ತೆಗೆಯಬೇಕು? ಇಲ್ಲಿಯ ಮಕ್ಕಳೇ ತೆಗೆಯಬೇಕು. ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವ ಅಜ್ಜಿಯರು, ಹಗೇವಿನಲ್ಲಿ ಜೋಳ ತುಂಬಿದ್ದನ್ನು ಕಂಡ ಅಜ್ಜಂದಿರು ಇನ್ನೆಷ್ಟು ವರ್ಷ ನಮ್ಮೊಂದಿಗಿರುತ್ತಾರೆ? ಪಠ್ಯಪುಸ್ತಕದಲ್ಲಿ ಅವರ ಹೆಸರು ಬರುವುದಿಲ್ಲ. ಮೊಮ್ಮಗಳ ಎಂಟು ಪುಟದಲ್ಲಾದರೂ ಬರಲಿ.

ಚಿತ್ರದ ಕೆಳಗೆ ಹೆಸರು, ಊರು, ದಿನಾಂಕ ಬರೆಯುವುದನ್ನು ಮರೆಯಬಾರದು. ಇದಕ್ಕೊಂದು ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ರಾಜನೊಬ್ಬ ಪರಿವಾರದೊಂದಿಗೆ ನಿಂತಿರುವ ಶಿಲಾಫಲಕ ದೊರೆಯಿತು. ಅವನು ಯಾರೆಂದು ಹೇಳಿದ್ದು ಅದರ ಮೇಲಿನ ಬ್ರಾಹ್ಮೀ ಲಿಪಿಯ ಎರಡೇ ಪದಗಳು: 'ರಾಯ ಅಸೋಕೋ'. ಆ ಎರಡು ಪದ ಇರದಿದ್ದರೆ ಸಾಮ್ರಾಟ ಅಶೋಕನೂ ಹೆಸರಿಲ್ಲದ ರಾಜನಾಗಿ ಉಳಿಯುತ್ತಿದ್ದ! ಹೀಗಿರುವಾಗ ನಮ್ಮ ಅಜ್ಜಿಯ ಚಿತ್ರಕ್ಕೆ ಅಡಿಬರಹ ಬೇಡವೇ?

ವಿನಿಮಯದ ರೀತಿ

ಹತ್ತು ಮಕ್ಕಳು ಸೇರಿ ಒಬ್ಬೊಬ್ಬರೂ ತಮ್ಮ ಹೊತ್ತಿಗೆಯ ಹತ್ತು ಪ್ರತಿ ತರಲಿ. ಒಬ್ಬರು ಎಲ್ಲವನ್ನೂ ಕೂಡಿಸಿ, ಪ್ರತಿಯೊಬ್ಬರಿಗೂ ಹತ್ತು ಬೇರೆಬೇರೆ ಹೊತ್ತಿಗೆಗಳ ಕಟ್ಟು ಮಾಡಿ ಹಂಚಲಿ. ಹತ್ತು ಹಾಳೆ ಕೊಟ್ಟವನಿಗೆ ಹತ್ತು ಮನೆಗಳ ಕಥೆ ಸಿಕ್ಕಿತು. ಮುಂದೆ ಕರಾವಳಿಯ ಅಥವಾ ಮಲೆನಾಡಿನ ಯಾವುದಾದರೂ ಶಾಲೆಯೊಂದಿಗೆ ಶಿಕ್ಷಕರ ಮೂಲಕ ಸಂಪರ್ಕ ಬೆಳೆಸಿ ಅಂಚೆಯಲ್ಲಿ ಕಳುಹಿಸಬಹುದು. ಸಮುದ್ರ ಕಾಣದ ಹುಡುಗನಿಗೆ ಮೀನಿನ ಬಲೆ, ಮಾಳಿಗೆ ಮನೆ ಕಾಣದ ಹುಡುಗಿಗೆ ನಮ್ಮ ಮಣ್ಣಿನ ಮಾಳಿಗೆ ಲಕೋಟೆಯಲ್ಲಿ ಬಂದಿಳಿಯುತ್ತದೆ. ಪಡೆದವರು ಎರಡು ಸಾಲಿನ ಉತ್ತರ ಬರೆಯಲೇಬೇಕೆಂಬ ನಿಯಮವಿರಲಿ. ಮೊಬೈಲಿನ ಹೆಬ್ಬೆಟ್ಟಿನ ಗುರುತು ಇಲ್ಲಿ ಸಲ್ಲದು.

ಒಂದು ಕಟ್ಟುನಿಟ್ಟು ಅಗತ್ಯ. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು, ತೋರಿಸದೆ ಅಚ್ಚು ಹಾಕಬಾರದು. ಬೇಡವೆಂದವರ ಮಾತಿಗೆ ಬೆಲೆ ಕೊಡಬೇಕು. ಹೆಣ್ಣುಮಕ್ಕಳ, ಚಿಕ್ಕಮಕ್ಕಳ ಚಿತ್ರಗಳ ವಿಷಯದಲ್ಲಿ ಮನೆಯ ಹಿರಿಯರ ಒಪ್ಪಿಗೆಯೂ ಇರಲಿ. ಮೊದಲ ಪ್ರತಿ ಚಿತ್ರದಲ್ಲಿರುವವರಿಗೇ ಸಲ್ಲಬೇಕು.

ಪಾಲಕರಿಗೆ ಎರಡು ಮಾತು

'ಮೊದಲೇ ಮೊಬೈಲ್ ಬಿಡುವುದಿಲ್ಲ, ಇನ್ನು ಇದೊಂದು ನೆಪವೇ?' ಎಂದು ಪಾಲಕರು ಕೇಳಿದರೆ ತಪ್ಪಿಲ್ಲ. ಆದರೆ ಈ ಹವ್ಯಾಸದಲ್ಲಿ ಮೊಬೈಲಿನ ಕೆಲಸ ಅರ್ಧ ಗಂಟೆಯದು. ಉಳಿದದ್ದೆಲ್ಲ ಕಾಗದ, ಕತ್ತರಿ ಮತ್ತು ತಲೆಯ ಕೆಲಸ. ನೂರು ಚಿತ್ರಗಳಲ್ಲಿ ತೊಂಬತ್ತೆರಡನ್ನು ಬಿಟ್ಟು ಎಂಟನ್ನು ಉಳಿಸಿಕೊಳ್ಳಬೇಕು. ಯಾವುದನ್ನು, ಏಕೆ ಎಂದು ಮಗು ತಾನೇ ನಿರ್ಧರಿಸಬೇಕು. ಅಡಿಬರಹಕ್ಕಾಗಿ ಅಜ್ಜಿಯ ಹತ್ತಿರ ಕೂತು ಕೇಳಬೇಕು. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದ ನನ್ನ ಅನುಭವದಲ್ಲಿ, ಅಂಕಪಟ್ಟಿಯಲ್ಲಿ ಹಿಂದೆ ಬೀಳುವ ಮಗು ನೋಡುವುದರಲ್ಲಿ, ಕೈಗೆಲಸದಲ್ಲಿ ಎಷ್ಟೋ ಸಲ ಮುಂದಿರುತ್ತದೆ. ಆದರೆ ಅದನ್ನು ಅಳೆಯುವ ಪರೀಕ್ಷೆ ನಮ್ಮಲ್ಲಿಲ್ಲ. ತನ್ನ ಹೆಸರು ಹೊತ್ತ ಒಂದು ಪುಟ್ಟ ಪುಸ್ತಕ ಇನ್ನೊಬ್ಬರ ಕೈಯಲ್ಲಿರುವುದನ್ನು ಕಂಡಾಗ ಅಂಥ ಮಗುವಿಗೆ ಬರುವ ಧೈರ್ಯ ಸಣ್ಣದಲ್ಲ.

ಬರುವ ರಜೆಯಲ್ಲಿ ಒಂದು ಹಾಳೆ ಮಡಿಸಿ ನೋಡಿ. ಮೊದಲ ಹೊತ್ತಿಗೆ ದೂರದ ವಿಷಯದ್ದಾಗಬೇಕಿಲ್ಲ. ನಿಮ್ಮ ಮನೆಯ ಹಿರಿಯರೊಬ್ಬರ ಒಂದು ದಿನ, ಕೋಳಿ ಕೂಗಿದಾಗಿನಿಂದ ಕಣ್ಣಿಗೆ ನಿದ್ದೆ ಹತ್ತುವವರೆಗೆ, ಎಂಟೇ ಚಿತ್ರಗಳಲ್ಲಿ. ಅವರು ಇದ್ದಾಗಲೇ ಅದನ್ನು ಅವರ ಕೈಗಿಡಿ.