ಉರಿಯದ ಹೊತ್ತಿನ ನಷ್ಟ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಹಳೆಯ ಮನೆ ಕೊಳ್ಳುವವರು ಛಾವಣಿ, ನೆಲಮಾಳಿಗೆ, ಫರ್ನೇಸ್, ಕಿಟಕಿ ಎಲ್ಲವನ್ನೂ ತಟ್ಟಿ, ಮುಟ್ಟಿ ನೋಡುತ್ತಾರೆ. ಹಾಲ್‌ನ ಇಟ್ಟಿಗೆ ಫೈರ್‌ಪ್ಲೇಸಿನೊಳಗೆ ತಲೆ ಹಾಕಿ ಮೇಲಕ್ಕೆ ಟಾರ್ಚ್ ಬಿಡುವವರು ಮಾತ್ರ ಕಡಿಮೆ. ಬಿಟ್ಟರೆ, ಬೆಂಕಿಗೂಡಿನ ನೆತ್ತಿಯಲ್ಲಿ, ಚಿಮಣಿ ಕಿರಿದಾಗುವ ಕಡೆ, ಎರಕದ ಕಬ್ಬಿಣದ ಒಂದು ಹಲಗೆ ಕಾಣುತ್ತದೆ. ಅದೇ ಡ್ಯಾಂಪರ್. ಬೆಂಕಿ ಹಾಕುವಾಗ ತೆರೆಯಬೇಕು, ಆರಿದ ಮೇಲೆ ಮುಚ್ಚಬೇಕು, ಅಷ್ಟೇ ಅದರ ಕೆಲಸ. ಆದರೆ ದಶಕಗಳ ಕಾವಿಗೆ ಅದು ಸೊಟ್ಟಗಾಗಿರುತ್ತದೆ, ಮೇಲಿನಿಂದ ಬಿದ್ದ ಮಳೆನೀರಿಗೆ ತುಕ್ಕು ಹಿಡಿದಿರುತ್ತದೆ, ಉದುರಿದ ಗಾರೆಯ ಚೂರುಗಳು ಅಂಚಿಗೆ ಸಿಕ್ಕಿಕೊಂಡು ಪೂರ್ತಿ ಕೂರಲು ಬಿಡುವುದಿಲ್ಲ. ಹೊಸದಾಗಿದ್ದಾಗಲೂ ಅದು ಕಬ್ಬಿಣದ ಮೇಲೆ ಕಬ್ಬಿಣ ಕೂರುವ ವ್ಯವಸ್ಥೆ. ನಡುವೆ ರಬ್ಬರ್ ಪಟ್ಟಿಯಂಥದ್ದೇನೂ ಇರಲಿಲ್ಲ. ಇಂಥ ಡ್ಯಾಂಪರ್ ಬದಲಿಸುವ ಮಾತು ಬಂದಾಗ ಬೆಂಕಿ ಇನ್ನು ಮುಂದೆ ಚೆನ್ನಾಗಿ ಕಾಯಿಸುತ್ತದೆಯೇ ಎಂದು ಕೇಳುವವರೇ ಹೆಚ್ಚು. ಕಾಯಿಸುವುದಿಲ್ಲ. ಡ್ಯಾಂಪರಿನ ಲಾಭ ನಷ್ಟ ಲೆಕ್ಕ ಹಾಕಬೇಕಾದದ್ದು ಬೆಂಕಿ ಇಲ್ಲದ ಹೊತ್ತಿನಲ್ಲಿ.

ಉರಿಯುವ ಫೈರ್‌ಪ್ಲೇಸ್ ಮನೆ ಬಿಸಿಮಾಡುವ ಸಾಧನವೇ ಅಲ್ಲ ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಬಾಯ್ದೆರೆದ ಸಾಂಪ್ರದಾಯಿಕ ಫೈರ್‌ಪ್ಲೇಸ್ ನಿಮಿಷಕ್ಕೆ 300 ಘನ ಅಡಿಯವರೆಗೂ ಕೋಣೆಯ ಬೆಚ್ಚನೆ ಗಾಳಿಯನ್ನು ಎಳೆದು ಆಕಾಶಕ್ಕೆ ಕಳಿಸುತ್ತದೆ ಎಂಬುದು ಅದರ ಅಂದಾಜು. 12 ಅಡಿಗೆ 15 ಅಡಿಯ, 8 ಅಡಿ ಎತ್ತರದ ಕೋಣೆಯ ಗಾಳಿಯೆಲ್ಲ ಐದು ನಿಮಿಷಕ್ಕೆ ಖಾಲಿ. ಹೋದಷ್ಟು ಗಾಳಿ ಬಾಗಿಲ ಸಂದಿಯಿಂದ, ಕಿಟಕಿಯ ಬಿರುಕಿನಿಂದ ತಣ್ಣಗೆ ಒಳಗೆ ಬರಬೇಕು. ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ ಸೆಲ್ಸಿಯಸ್ ಎಂದುಕೊಂಡರೆ ಆ ಗಾಳಿಯನ್ನು ಮತ್ತೆ ಕಾಯಿಸಲು ಸುಮಾರು 3.4 ಕಿಲೋವ್ಯಾಟ್ ಬೇಕು, ಅಂದರೆ ಅಲ್ಲಿನ 1500 ವ್ಯಾಟ್‌ನ ಎರಡು ಹೀಟರುಗಳಿಗಿಂತ ಹೆಚ್ಚು. ಎದುರಿಗೆ ಕೂತವರ ಮೊಣಕಾಲು ಬೆಚ್ಚಗಾಗುತ್ತದೆ, ನಿಜ. ಥರ್ಮೋಸ್ಟ್ಯಾಟ್ ಕೂಡ ಅದೇ ಕೋಣೆಯಲ್ಲಿದ್ದರೆ ಅದು ಮನೆಯೆಲ್ಲ ಬೆಚ್ಚಗಿದೆಯೆಂದು ಭ್ರಮಿಸಿ ಫರ್ನೇಸ್ ನಿಲ್ಲಿಸುತ್ತದೆ. ಮಲಗುವ ಕೋಣೆಯವರು ಎರಡೆರಡು ರಜಾಯಿ ಹೊದೆಯಬೇಕು. ಈ ದೂರು ಇಂದಿನದಲ್ಲ. 1744ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪೆನ್ಸಿಲ್ವೇನಿಯಾ ಫೈರ್‌ಪ್ಲೇಸ್ ಕುರಿತ ಕಿರುಹೊತ್ತಿಗೆಯಲ್ಲೇ ಶಾಖವೆಲ್ಲ ಚಿಮಣಿಯ ಪಾಲಾಗುತ್ತಿದೆ ಎಂದು ಗೊಣಗಿದ್ದ. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಬ್ರಿಟಿಷರ ಪಕ್ಷ ಹಿಡಿದು ಊರು ಬಿಟ್ಟು, ಬವೇರಿಯಾದಲ್ಲಿ ಕೌಂಟ್ ರಮ್‌ಫೋರ್ಡ್ ಆದ ಬೆಂಜಮಿನ್ ಥಾಂಪ್ಸನ್ 1790ರ ದಶಕದಲ್ಲಿ ಚಿಮಣಿಯ ಗಂಟಲನ್ನು ಕಿರಿದು ಮಾಡಿ, ಬೆಂಕಿಗೂಡಿನ ಆಳ ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿಸಿ ಶಾಖ ಕೋಣೆಯತ್ತ ತಿರುಗುವಂತೆ ಮಾಡಿದ. ಇಬ್ಬರೂ ತಲೆ ಕೆಡಿಸಿಕೊಂಡದ್ದು ಉರಿಯುವ ಬೆಂಕಿಯ ಬಗ್ಗೆ. ಅವರ ಕಾಲಕ್ಕೆ ಅದು ಸರಿ, ಬೆಂಕಿ ಬಿಟ್ಟರೆ ಮನೆಗೆ ಬೇರೆ ಕಾವಿರಲಿಲ್ಲ.

ಇವತ್ತು ಅದೇ ಮನೆಯಲ್ಲಿ ಗ್ಯಾಸ್ ಫರ್ನೇಸ್ ಅಥವಾ ಹೀಟ್ ಪಂಪ್ ಹಗಲಿರುಳು ದುಡಿಯುತ್ತದೆ. ಫೈರ್‌ಪ್ಲೇಸ್ ಉರಿಯುವುದು ಕ್ರಿಸ್‌ಮಸ್‌ಗೆ, ನೆಂಟರು ಬಂದಾಗ, ಹಿಮ ಸುರಿದು ಶಾಲೆಗೆ ರಜೆ ಬಿದ್ದಾಗ. ಉಳಿದ ಹೊತ್ತೆಲ್ಲ ಅದು ಮನೆಯಿಂದ ಆಕಾಶಕ್ಕೆ ನೇರ ದಾರಿ. ಬಿಸಿಗಾಳಿ ಹಗುರ, ತಣ್ಣನೆಯದು ಭಾರ. ಆದ್ದರಿಂದ ಎತ್ತರದ ಚಿಮಣಿ ಬೆಂಕಿಯಿಲ್ಲದೆಯೂ ಮನೆಯ ಗಾಳಿಯನ್ನು ಹೀರುತ್ತಿರುತ್ತದೆ. 8 ಮೀಟರ್ ಎತ್ತರದ ಚಿಮಣಿಗೆ ಮೇಲೆ ಹೇಳಿದ ತಾಪಮಾನದಲ್ಲಿ ಹುಟ್ಟುವ ಒತ್ತಡದ ಅಂತರ ಸುಮಾರು 7 ಪಾಸ್ಕಲ್. ಸೊಟ್ಟಗಾದ 30 ಇಂಚಿನ ಡ್ಯಾಂಪರಿನ ಒಂದೇ ಅಂಚಿನಲ್ಲಿ ಕಾಲು ಇಂಚು ಸಂದಿ ಇದ್ದರೂ ಗಂಟೆಗೆ 35 ಘನ ಮೀಟರಿನಷ್ಟು ಗಾಳಿ ನುಸುಳಬಲ್ಲದು. ಅದನ್ನು ಕಾಯಿಸಲು 230 ವ್ಯಾಟ್. ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಇದು ರಾತ್ರಿಯೂ ಹಗಲೂ ನಿಲ್ಲದ ಸೋರಿಕೆ, 150 ದಿನದ ಚಳಿಗಾಲಕ್ಕೆ ಸುಮಾರು 800 ಯೂನಿಟ್. ಇದು ಮೇಲ್ಮಿತಿಯ ಲೆಕ್ಕ ಎನ್ನುವುದನ್ನೂ ಹೇಳಬೇಕು: ಗಾಳಿ ಒಳಬರುವ ಬಿರುಕುಗಳೂ ಒತ್ತಡದ ಒಂದು ಪಾಲನ್ನು ತಿನ್ನುತ್ತವೆ. ಹಾಗೆಯೇ, ಸಂದಿ ಒಂದೇ ಅಂಚಿನಲ್ಲಿ ಇರುವ ಹಳೆಯ ಡ್ಯಾಂಪರೂ ಅಪರೂಪ. ಪರೀಕ್ಷೆಗೆ ಯಂತ್ರ ಬೇಡ. ಗಾಳಿ ಬೀಸದ ಚಳಿಯ ದಿನ ಡ್ಯಾಂಪರ್ ಮುಚ್ಚಿ, ಅದರ ಅಂಚಿನ ಕೆಳಗೆ ಹಚ್ಚಿದ ಊದುಬತ್ತಿ ಹಿಡಿದರೆ ಸಾಕು. ಹೊಗೆ ಅಲ್ಲೇ ಸುಳಿದಾಡಿದರೆ ಚಿಂತೆಯಿಲ್ಲ. ದಾರದಂತೆ ನೆಟ್ಟಗೆ ಸಂದಿಯೊಳಗೆ ಹೋದರೆ ಮನೆಯ ದುಡ್ಡೂ ಅದೇ ದಾರಿ ಹಿಡಿದಿದೆ.

ಹಾಗಾದರೆ ಅದೇ ಜಾಗಕ್ಕೆ ಹೊಸ ಕಬ್ಬಿಣ ಹಾಕಿಸುವುದೇ? ಇಟ್ಟಿಗೆ ಕೆಲಸದೊಳಗೆ ಕಟ್ಟಿ ಕೂರಿಸಿದ ಚೌಕಟ್ಟನ್ನು ಕೀಳುವುದು ದೊಡ್ಡ ಕೆಲಸ. ಕಿತ್ತು ಹಾಕಿಸಿದರೂ ಸಿಗುವುದು ಮತ್ತೆ ಕಬ್ಬಿಣದ ಮೇಲೆ ಕಬ್ಬಿಣವೇ, ನಾಲ್ಕು ಚಳಿಗಾಲ ಕಳೆದರೆ ಮತ್ತೆ ಸಂದಿ. ಉತ್ತಮ ಉಪಾಯ ಡ್ಯಾಂಪರನ್ನು ಚಿಮಣಿಯ ತುದಿಗೆ ಏರಿಸುವುದು. ಛಾವಣಿಯ ಮೇಲೆ ಹೊರಚಾಚಿದ ಮಣ್ಣಿನ ಕೊಳವೆಯ ಬಾಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸಿಲಿಕೋನ್ ಸೀಲಂಟ್ ಬಳಿದು, ಅದರ ಮೇಲೆ ಚೌಕಟ್ಟು ಕೂರಿಸುತ್ತಾರೆ. ಮುಚ್ಚಳದ ಸುತ್ತ ರಬ್ಬರ್ ಅಥವಾ ಸಿಲಿಕೋನ್ ಪಟ್ಟಿ. ಸ್ಟೇನ್‌ಲೆಸ್ ಸ್ಟೀಲಿನ ಕೇಬಲ್ ಒಂದು ಚಿಮಣಿಯುದ್ದಕ್ಕೂ ಇಳಿದು ಬೆಂಕಿಗೂಡಿನ ಪಕ್ಕದ ಗೋಡೆಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ; ಎಳೆದರೆ ಮುಚ್ಚುತ್ತದೆ, ಸಡಿಲ ಬಿಟ್ಟರೆ ಸ್ಪ್ರಿಂಗ್ ತಾನೇ ತೆರೆಯುತ್ತದೆ. ಕೇಬಲ್ ತುಂಡಾದರೂ ಮುಚ್ಚಳ ತೆರೆದುಕೊಳ್ಳುತ್ತದೆಯೇ ಹೊರತು ಹೊಗೆ ಒಳಗೆ ಸಿಕ್ಕಿಬೀಳುವುದಿಲ್ಲ, ಈ ಜಾಣತನ ನನಗೆ ಮೆಚ್ಚುಗೆ. ಹಳೆಯ ಹಲಗೆಯನ್ನು ತೆಗೆದುಹಾಕುತ್ತಾರೆ, ಇಲ್ಲವೇ ತೆರೆದ ಸ್ಥಿತಿಯಲ್ಲಿ ಬಿಗಿಯುತ್ತಾರೆ. ಮಳೆ, ಅಳಿಲು, ಹಕ್ಕಿಗೂಡುಗಳಿಗೂ ತಡೆ. ಬೇಸಿಗೆಯಲ್ಲಿ ಏಸಿ ಹಾಕಿದ ಮನೆಗೆ ಚಿಮಣಿಯಿಂದ ಇಳಿಯುವ ಮಸಿವಾಸನೆಯೂ ತಗ್ಗುತ್ತದೆ.

ಇದಕ್ಕೆ ಎದ್ದು ನಿಲ್ಲುವ ಮೊದಲ ಆಕ್ಷೇಪ ಹಣದ್ದು, ಅದರಲ್ಲಿ ಹುರುಳಿದೆ. ಸಾಮಾನು, ಕೂಲಿ ಸೇರಿ ಕೆಲವು ನೂರು ಡಾಲರ್ ಬೀಳುತ್ತದೆ. ಮೇಲಿನ 800 ಯೂನಿಟ್ ಶಾಖ ಗ್ಯಾಸಿನಿಂದ ಬರುತ್ತಿದ್ದರೆ ಉಳಿತಾಯ ವರ್ಷಕ್ಕೆ ಐವತ್ತು ಡಾಲರಿನ ಆಸುಪಾಸು. ಹಾಕಿದ ದುಡ್ಡು ಮರಳಲು ಹಲವು ಚಳಿಗಾಲ ಬೇಕು. ಯೂನಿಟ್‌ಗೆ 20 ಸೆಂಟ್ ತೆತ್ತು ನೇರ ವಿದ್ಯುತ್ ಹೀಟರಿನಿಂದ ಕಾಯಿಸುವ ಮನೆಗೆ ಅದೇ 160 ಡಾಲರ್. ಬಿಲ್ ಅರ್ಧವಾಗುತ್ತದೆ ಎಂದು ಮಾರಾಟಗಾರ ಹೇಳಿದರೆ ನಂಬಬೇಕಿಲ್ಲ. ಈ ಮುಚ್ಚಳಕ್ಕಿಂತ ಅಗ್ಗವಾಗಿ ಗಾಳಿ ಊದಿದ ಬಲೂನನ್ನು ಚಿಮಣಿಯೊಳಗೆ ತುರುಕಬಹುದಲ್ಲ ಎನ್ನುವವರಿದ್ದಾರೆ. ಎಂದೂ ಬೆಂಕಿ ಹಾಕದ ಮನೆಗೆ ಅದೇ ಸರಿ. ಆಗಾಗ ಹಾಕುವವರು ಅದನ್ನು ತೆಗೆಯಲು ಮರೆತರೆ ಮನೆ ತುಂಬ ಹೊಗೆ. ಇನ್ನು ಪ್ರತಿ ಸಂಜೆ ಸೌದೆ ಉರಿಸುವವರಿಗೆ ನನ್ನ ವಾದ ಅನ್ವಯಿಸುವುದೇ ಇಲ್ಲ. ಅವರು ಸಾವಿರಾರು ಡಾಲರ್ ಆದರೂ ಬಾಗಿಲುಳ್ಳ ಇನ್ಸರ್ಟ್ ಒಲೆಯನ್ನು ಫೈರ್‌ಪ್ಲೇಸಿನೊಳಗೆ ಕೂರಿಸಿಕೊಳ್ಳುವುದು ಲೇಸು. ಚಿಕ್ಕಮಗಳೂರು, ಕೊಡಗಿನ ತೋಟದ ಬಂಗಲೆಗಳ ಅಗ್ಗಿಷ್ಟಿಕೆಗೂ ಈ ಲೆಕ್ಕ ಹೊಂದದು. ಅಲ್ಲಿ ಮನೆಯೆಲ್ಲ ಕಾಯಿಸುವ ಫರ್ನೇಸ್ ಇಲ್ಲ. ಕಳೆದುಕೊಳ್ಳಲು ಬಿಸಿಗಾಳಿಯೇ ಇಲ್ಲದ ಮೇಲೆ ಉಳಿಸುವುದೇನು? ಅಲ್ಲಿ ಮುಚ್ಚಳ ಬೇಕಾದದ್ದು ಮಳೆಗೆ.

ಮನೆಗೆ ಗಾಳಿ ಬೇಡವೇ ಎಂಬ ಮಾತೂ ಕೇಳಿಬರುತ್ತದೆ. ಬೇಕು, ಆದರೆ ಚಿಮಣಿಯ ಸಂದಿ ಅದಕ್ಕೆ ಕೆಟ್ಟ ದಾರಿ: ಹೊರಗೆ ಚಳಿ ಹೆಚ್ಚಿದಷ್ಟೂ ಹೆಚ್ಚು ಹೀರುತ್ತದೆ, ಹಿತವಾದ ದಿನ ಸುಮ್ಮನಿರುತ್ತದೆ. ಬೇಕಾದಾಗ ಹಾಕಿ ಬೇಡವಾದಾಗ ನಿಲ್ಲಿಸುವ ಫ್ಯಾನ್ ಇದಕ್ಕಿಂತ ವಾಸಿ. ಸುರಕ್ಷತೆಯ ಆಕ್ಷೇಪ ಇನ್ನೂ ಗಂಭೀರ. ಬೂದಿಯೊಳಗೆ ಕೆಂಡ ಜೀವ ಹಿಡಿದಿರುವಾಗ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಉಳಿಯುತ್ತದೆ. ಮುಚ್ಚಳ ಬಿಗಿಯಾದಷ್ಟೂ ಅಪಾಯ ಹೆಚ್ಚು. ಹಳೆಯ ಡ್ಯಾಂಪರ್ ಸೋರುತ್ತಿದ್ದುದರಿಂದಲೇ ಎಷ್ಟೋ ಮನೆಗಳು ಬಚಾವಾಗಿರಬಹುದು. ಬೂದಿ ಪೂರ್ತಿ ತಣ್ಣಗಾಗುವವರೆಗೆ, ಅಂದರೆ ಬಹುಪಾಲು ಮರುದಿನದವರೆಗೆ, ತೆರೆದಿಡಲೇಬೇಕು. ಆ ರಾತ್ರಿಯ ನಷ್ಟವನ್ನು ಯಾವ ಡ್ಯಾಂಪರೂ ತಪ್ಪಿಸುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಮನೆಯಲ್ಲಿ ಇರಲೇಬೇಕು. ಸೌದೆಯ ಬದಲು ಗ್ಯಾಸ್ ಲಾಗ್ ಕೂರಿಸಿದ ಫೈರ್‌ಪ್ಲೇಸುಗಳಲ್ಲಂತೂ ಡ್ಯಾಂಪರ್ ಪೂರ್ತಿ ಮುಚ್ಚದಂತೆ ತಡೆ ಹಾಕಿರುತ್ತಾರೆ, ಅದನ್ನು ಕಿತ್ತು ಉಳಿತಾಯ ಹುಡುಕುವುದು ಬೇಡ. ಕಾರ್ಖಾನೆಯಲ್ಲಿ ತಯಾರಾದ ಲೋಹದ ಚಿಮಣಿಗೆ ತಯಾರಕರು ಒಪ್ಪಿದ ಬಿಡಿಭಾಗವನ್ನೇ ಹಾಕಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯಾದ ಎನ್‌ಎಫ್‌ಪಿಎಯ 211 ಮಾನದಂಡದ ಪ್ರಕಾರ ಚಿಮಣಿಯನ್ನು ವರ್ಷಕ್ಕೊಮ್ಮೆ ಹೇಗೂ ತಪಾಸಣೆ ಮಾಡಿಸಬೇಕು. ಅದನ್ನು ಛಾವಣಿಯ ಮೇಲೆ ಹಿಮವಿಲ್ಲದ, ಚಿಮಣಿ ಕೆಲಸದವರಿಗೆ ಬಿಡುವಿರುವ ಬೇಸಿಗೆಯಲ್ಲೇ ಇಟ್ಟುಕೊಂಡರೆ ಮಣ್ಣಿನ ಕೊಳವೆ ಬಿರುಕು ಬಿಟ್ಟಿದೆಯೇ, ಮುಚ್ಚಳದ ಭಾರ ತಡೆಯುವಂತಿದೆಯೇ ಎಂಬುದೂ ಅದೇ ಏಣಿ ಹತ್ತಿದಾಗ ಗೊತ್ತಾಗುತ್ತದೆ.