ಮೂಕಪ್ರಾಣಿಯ ದಂತಚಿಕಿತ್ಸೆ: ಅರಿವಳಿಕೆ ಬೇಕೆ, ಬೇಡವೆ?

ಎದುರಿಗೆ ಹಸಿ ಹುಲ್ಲಿದೆ, ಹೊಟ್ಟೆಯಲ್ಲಿ ಹಸಿವಿದೆ, ತಿನ್ನಬೇಕೆಂಬ ಆಸೆಯೂ ಇದೆ. ಆದರೂ ಪ್ರಾಣಿಯು ಹುಲ್ಲನ್ನು ಬಾಯಿಗೆ ತೆಗೆದುಕೊಂಡು, ಅಗಿಯಲಾರದೆ ಕೆಳಗೆ ಬೀಳಿಸಿ, ಜೊಲ್ಲು ಸುರಿಸುತ್ತ ಹಿಂದೆ ಸರಿಯುತ್ತದೆ. ಹೀಗೆ ಆಹಾರದ ಎದುರಿನಲ್ಲಿಯೇ ಉಪವಾಸದಿಂದ ಸಾಯುವ ದುರವಸ್ಥೆ ಗಿನಿಹಂದಿ ಎಂಬ ಪುಟ್ಟ ಪ್ರಾಣಿಗೆ ಬರುವುದುಂಟು. ಇದಕ್ಕೆ ಕಾರಣ ಅದರ ಹಲ್ಲುಗಳು. ಆ ಹಲ್ಲುಗಳನ್ನು ಸರಿಪಡಿಸುವಾಗ ಅದಕ್ಕೆ ಅರಿವಳಿಕೆ ಕೊಡಬೇಕೆ, ಬೇಡವೆ ಎಂಬುದು ಪಶುವೈದ್ಯರನ್ನೂ ಸಾಕುವವರನ್ನೂ ಸಮಾನವಾಗಿ ಕಾಡಿರುವ ಪ್ರಶ್ನೆಯಾಗಿದೆ.

ಗಿನಿಹಂದಿಯು ಗಿನಿ ದೇಶದ್ದೂ ಅಲ್ಲ, ಹಂದಿಯ ಜಾತಿಯದೂ ಅಲ್ಲ. ಅದು ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಸಸ್ಯಾಹಾರಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಸಾಕಿದರು. ಹದಿನಾರನೆಯ ಶತಮಾನದಲ್ಲಿ ಅದು ಯುರೋಪನ್ನು ತಲುಪಿ, ಕ್ರಮೇಣ ಮನೆಮಕ್ಕಳ ಮುದ್ದಿನ ಪ್ರಾಣಿಯಾಯಿತು. ಬೆಳೆದ ಗಿನಿಹಂದಿಯ ತೂಕ ಸಾಮಾನ್ಯವಾಗಿ ಒಂದು ಕಿಲೋಗ್ರಾಂನ ಆಸುಪಾಸಿನಲ್ಲಿರುತ್ತದೆ.

ಇದರ ಬಾಯಿಯಲ್ಲಿ 20 ಹಲ್ಲುಗಳಿವೆ: 4 ಬಾಚಿಹಲ್ಲುಗಳು, 16 ದವಡೆಹಲ್ಲುಗಳು. ಕೋರೆಹಲ್ಲುಗಳಿಲ್ಲ. ಮನುಷ್ಯನ ಹಲ್ಲು ಒಮ್ಮೆ ಬೆಳೆದು ನಿಂತರೆ ಮತ್ತೆ ಬೆಳೆಯದು. ಗಿನಿಹಂದಿಯ ಹಲ್ಲುಗಳಾದರೋ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಒರಟಾದ ಹುಲ್ಲನ್ನು ದಿನವಿಡೀ ಅಗಿಯುವುದರಿಂದ ಅವು ಸವೆಯುತ್ತವೆ. ಬೆಳವಣಿಗೆ ಮತ್ತು ಸವೆತ ಸಮವಾಗಿರುವವರೆಗೆ ತೊಂದರೆಯಿಲ್ಲ. ಮೆದುವಾದ ಆಹಾರ, ಅನುವಂಶಿಕ ದೋಷ, ಪೆಟ್ಟು ಅಥವಾ ಬೇರಾವುದೋ ಕಾಯಿಲೆಯಿಂದ ಈ ಸಮತೋಲ ತಪ್ಪಿದಾಗ ಸಂಕಟ ಆರಂಭವಾಗುತ್ತದೆ. ಕೆಳದವಡೆಯ ಹಲ್ಲುಗಳು ಸಹಜವಾಗಿಯೇ ಒಳಕ್ಕೆ ಬಾಗಿರುವುದರಿಂದ, ಮಿತಿಮೀರಿ ಬೆಳೆದಾಗ ಎರಡೂ ಕಡೆಯಿಂದ ನಾಲಿಗೆಯ ಮೇಲೆ ಕಮಾನಿನಂತೆ ಬಾಗಿ ಅದನ್ನು ಅದುಮಿಬಿಡುತ್ತವೆ. ಸೆರೆಯಾದ ನಾಲಿಗೆ ಆಹಾರವನ್ನು ಗಂಟಲಿಗೆ ತಳ್ಳಲಾರದು. ಮೇಲ್ದವಡೆಯ ಹಲ್ಲುಗಳು ಹೊರಕ್ಕೆ ಬಾಗಿ ಕೆನ್ನೆಯ ಒಳಪೊರೆಯನ್ನು ಚುಚ್ಚುತ್ತವೆ. ಈ ಪ್ರಾಣಿಯ ಕರುಳು ಸದಾ ಆಹಾರವನ್ನು ಬೇಡುವಂಥದು. ಒಂದು ದಿನದ ಉಪವಾಸವೂ ಅದಕ್ಕೆ ಅಪಾಯಕರ. ಆದ್ದರಿಂದ ಇಲ್ಲಿ ದಂತಚಿಕಿತ್ಸೆಯು ಸೌಂದರ್ಯದ ವಿಷಯವಲ್ಲ, ಜೀವನ್ಮರಣದ ವಿಷಯ.

ಅರಿವಳಿಕೆಯ ಇತಿಹಾಸದಲ್ಲಿ ದಂತವೈದ್ಯರಿಗೆ ಹಿರಿಯ ಸ್ಥಾನವಿದೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್ ಆವಿಯಿಂದ ರೋಗಿಯನ್ನು ಮಲಗಿಸಿ, ಶಸ್ತ್ರಕ್ರಿಯೆಯ ನೋವು ತಿಳಿಯದಂತೆ ಮಾಡಬಹುದೆಂದು ಬಹಿರಂಗವಾಗಿ ತೋರಿಸಿದ ವಿಲಿಯಂ ಮಾರ್ಟನ್ ವೃತ್ತಿಯಿಂದ ದಂತವೈದ್ಯರು. ಮನುಷ್ಯನಿಗೆ ದೊರೆತ ಈ ವರವನ್ನು ಪ್ರಾಣಿಗಳಿಗೂ ಕೊಡುವುದು ನ್ಯಾಯವೆಂದು ಯಾರಿಗಾದರೂ ತೋರುವುದು ಸಹಜ. ಹಾಗಿದ್ದರೂ ಗಿನಿಹಂದಿಯ ವಿಷಯದಲ್ಲಿ ಹಿಂಜರಿಕೆ ಏಕೆ?

ಹಿಂಜರಿಕೆಗೆ ಬಲವಾದ ಕಾರಣವಿದೆ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನವೊಂದರಲ್ಲಿ, ಅರಿವಳಿಕೆ ಅಥವಾ ಮಂಪರಿನ ಔಷಧ ಪಡೆದ ಪ್ರಾಣಿಗಳಲ್ಲಿ ಅದರ ಸಂಬಂಧದಿಂದ ಸತ್ತವುಗಳ ಪ್ರಮಾಣ ನಾಯಿಗಳಲ್ಲಿ ಶೇಕಡಾ 0.17, ಬೆಕ್ಕುಗಳಲ್ಲಿ 0.24, ಮೊಲಗಳಲ್ಲಿ 1.39, ಗಿನಿಹಂದಿಗಳಲ್ಲಿ 3.80 ಎಂದು ಕಂಡುಬಂದಿತು. ಅಂದರೆ ಸುಮಾರು 26 ಗಿನಿಹಂದಿಗಳಲ್ಲಿ ಒಂದು. ಈ ಅಂಕಿಗಳು ದಂತಚಿಕಿತ್ಸೆಗೆ ಮಾತ್ರ ಸಂಬಂಧಿಸಿದವಲ್ಲ. ಎಲ್ಲ ಬಗೆಯ ಚಿಕಿತ್ಸೆಗಳೂ ಇವುಗಳಲ್ಲಿ ಸೇರಿವೆ. ಪುಟ್ಟ ದೇಹವು ಬೇಗನೆ ತಣ್ಣಗಾಗುತ್ತದೆ. ಗಂಟಲಿನ ರಚನೆಯು ಇಕ್ಕಟ್ಟಾಗಿರುವುದರಿಂದ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸುವುದು ಕಷ್ಟ. ಹಲ್ಲಿನ ರೋಗದಿಂದ ಬಂದ ಪ್ರಾಣಿಯು ಈಗಾಗಲೇ ಹಸಿದು ಸೊರಗಿರುತ್ತದೆ. ಎಚ್ಚರಗೊಂಡ ಮೇಲೆ ಅದು ತಿನ್ನದೆ ಹೋದರೆ ಕರುಳಿನ ಚಲನೆಯೇ ನಿಂತುಹೋಗಬಹುದು. ಈ ಕಾರಣಗಳಿಂದ, ನುರಿತ ಕೈಗಳು ಎಚ್ಚರದ ಪ್ರಾಣಿಯನ್ನೇ ಭದ್ರವಾಗಿ ಹಿಡಿದು ಕೆಲವೇ ನಿಮಿಷಗಳಲ್ಲಿ ಹಲ್ಲನ್ನು ತಗ್ಗಿಸುವುದೇ ಲೇಸೆಂದು ವಾದಿಸುವವರಿದ್ದಾರೆ. ಹಲ್ಲಿನ ತುದಿಯನ್ನು, ಒಳಗಿನ ಮಜ್ಜೆಗೆ ತಾಗದಂತೆ ತೆಗೆದರೆ ನೋವಾಗದೆಂಬುದು ಅವರ ಸಮರ್ಥನೆ.

ಎದುರುಪಕ್ಷದ ವಾದವೂ ಅಷ್ಟೇ ಗಂಭೀರವಾದುದು. ಗಿನಿಹಂದಿಯ ಬಾಯಿ ಬಹು ಕಿರಿದು. ಕೆನ್ನೆಗಳ ಒಳಮಡಿಕೆಗಳು ಹಿಂದಿನ ಹಲ್ಲುಗಳನ್ನು ಮುಚ್ಚಿರುತ್ತವೆ. ಎಚ್ಚರವಾಗಿರುವ ಪ್ರಾಣಿಯಲ್ಲಿ ಅವುಗಳನ್ನು ಪೂರ್ಣವಾಗಿ ನೋಡುವುದೇ ದುಸ್ಸಾಧ್ಯ. ಬಾಯಗಲಿಸುವ ಉಪಕರಣಗಳು ದವಡೆಯ ಕೀಲನ್ನು ನೋಯಿಸುತ್ತವೆ. ಪ್ರಾಣಿಯು ಒಮ್ಮೆ ಕೊಸರಿದರೂ ಉಪಕರಣವು ನಾಲಿಗೆಯನ್ನೋ ಕೆನ್ನೆಯನ್ನೋ ಸೀಳಬಹುದು. ಇಕ್ಕುಳದಿಂದ ಕತ್ತರಿಸಿದ ಹಲ್ಲು ಉದ್ದಕ್ಕೆ ಬಿರಿದು, ಬೇರಿನಲ್ಲಿ ಕೀವುಗಟ್ಟಬಹುದು. ಇನ್ನು ನೋವಿನ ವಿಷಯ. ಗಿನಿಹಂದಿಯು ಬೇಟೆಗೆ ಗುರಿಯಾಗುವ ಪ್ರಾಣಿ. ಭಯಗೊಂಡಾಗ ಅದು ಅಲ್ಲಾಡದೆ ಮರಗಟ್ಟಿದಂತೆ ಕುಳಿತುಬಿಡುತ್ತದೆ, ನೋವನ್ನು ಮರೆಮಾಚುತ್ತದೆ. ಕೈಯಲ್ಲಿ ಹಿಡಿದಾಗ ಅದು ಸುಮ್ಮನಿದ್ದಿತೆಂಬುದನ್ನೇ ನೋವಾಗಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುವುದು ಸಾಧುವಲ್ಲ.

ಹಾಗಾದರೆ ನಿರ್ಣಯವೇನು? ಬಾಚಿಹಲ್ಲಿನ ತುದಿಯನ್ನು ತಗ್ಗಿಸುವಂಥ ಸಣ್ಣ ಕೆಲಸವನ್ನು, ಪ್ರಾಣಿಯು ಶಾಂತವಾಗಿದ್ದರೆ, ಅರಿವಳಿಕೆಯಿಲ್ಲದೆ ಸೂಕ್ತ ಯಂತ್ರದಿಂದ ನಡೆಸುವುದುಂಟು. ಆದರೆ ಬಾಚಿಹಲ್ಲಿನ ದೋಷಕ್ಕೆ ಹಲವು ವೇಳೆ ಮೂಲ ದವಡೆಹಲ್ಲಿನಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ದವಡೆಹಲ್ಲುಗಳ ಸಮಗ್ರ ಪರೀಕ್ಷೆ, ಬೇರುಗಳ ಸ್ಥಿತಿಯನ್ನು ತಿಳಿಸುವ ಕ್ಷಕಿರಣ ಚಿತ್ರ, ಹಲ್ಲನ್ನು ಸರಿಯಾದ ಓರೆಗೆ ಉಜ್ಜುವ ಕೆಲಸ, ಹಲ್ಲು ಕೀಳುವುದು, ಇವುಗಳಿಗೆ ಅರಿವಳಿಕೆ ಅಥವಾ ಗಾಢವಾದ ಮಂಪರು ಅವಶ್ಯ. ಅಲ್ಲಿ ಅಪಾಯವಿದೆಯೆಂದು ಅರಿವಳಿಕೆಯನ್ನು ಬಿಡುವುದಕ್ಕಿಂತ, ಅಪಾಯವನ್ನು ತಗ್ಗಿಸುವುದೇ ವಿವೇಕದ ಮಾರ್ಗ. ಸೊರಗಿದ ಪ್ರಾಣಿಗೆ ಮೊದಲು ದ್ರವವನ್ನೂ ಆಹಾರವನ್ನೂ ಕೊಟ್ಟು ಚೇತರಿಸಬೇಕು. ಗಿನಿಹಂದಿಗೆ ವಾಂತಿ ಮಾಡುವ ಶಕ್ತಿಯಿಲ್ಲವಾದ್ದರಿಂದ ದೀರ್ಘ ಉಪವಾಸ ಬೇಕಿಲ್ಲ. ಬಾಯಲ್ಲಿ ಉಳಿದ ಆಹಾರವನ್ನು ಶುಚಿಮಾಡಿದರೆ ಸಾಕು. ಮೈ ಬೆಚ್ಚಗಿರಬೇಕು, ಉಸಿರಾಟದ ಮೇಲೆ ನಿರಂತರ ಗಮನವಿರಬೇಕು. ಅನಂತರ ನೋವುನಿವಾರಕವನ್ನೂ, ಪಿಚಕಾರಿಯಿಂದ ನುಣ್ಣಗಿನ ಹುಲ್ಲಿನ ಹಿಟ್ಟಿನ ಗಂಜಿಯನ್ನೂ, ತಾನಾಗಿ ತಿನ್ನುವವರೆಗೆ ಕೊಡುತ್ತಿರಬೇಕು.

ಎಲ್ಲಕ್ಕಿಂತ ಮಿಗಿಲಾದುದು ರೋಗ ಬಾರದಂತೆ ತಡೆಯುವುದು. ಒಣಹುಲ್ಲು ಯಥೇಚ್ಛವಾಗಿ ದೊರೆಯಬೇಕು. ಮನುಷ್ಯನಂತೆಯೇ ಗಿನಿಹಂದಿಯೂ ‘ಸಿ’ ಜೀವಸತ್ವವನ್ನು ದೇಹದಲ್ಲಿ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಕಾಳಿನ ಆಹಾರವನ್ನಷ್ಟೇ ಕೊಟ್ಟ ಗಿನಿಹಂದಿಗಳಲ್ಲಿ ಸ್ಕರ್ವಿ ರೋಗ ಬರುವುದನ್ನು ತೋರಿಸಿದರು. ಈ ಜೀವಸತ್ವದ ಕೊರತೆಯಿಂದ ಒಸಡು ಸೊರಗಿ ಹಲ್ಲು ಸಡಿಲವಾಗುತ್ತದೆ. ಆದ್ದರಿಂದ ದೊಣ್ಣೆಮೆಣಸಿನಕಾಯಿಯಂಥ ತಾಜಾ ತರಕಾರಿ ನಿತ್ಯವೂ ಇರಬೇಕು. ವಾರಕ್ಕೊಮ್ಮೆ ತೂಕ ನೋಡುವ ಅಭ್ಯಾಸವಿದ್ದರೆ, ಜೊಲ್ಲು ಸುರಿಯುವ ಮೊದಲೇ ತೂಕದ ಇಳಿಕೆಯು ರೋಗವನ್ನು ತಿಳಿಸುತ್ತದೆ.

ಮನುಷ್ಯನು ಸ್ಕರ್ವಿಯ ಮರ್ಮವನ್ನು ಅರಿತದ್ದು ಈ ಪುಟ್ಟ ಪ್ರಾಣಿಯ ಸಂಕಟದಿಂದ. ಅದರ ಋಣ ಅವನ ಮೇಲಿದೆ. ತನ್ನ ನೋವನ್ನು ಹೇಳಿಕೊಳ್ಳಲಾರದ ಜೀವಿಯ ಪರವಾಗಿ ನಿರ್ಧರಿಸುವವರು, ತಮಗೆ ಸುಲಭವಾದುದು ಯಾವುದು ಎಂಬುದನ್ನು ಬಿಟ್ಟು ಅದಕ್ಕೆ ಹಿತವಾದುದು ಯಾವುದು ಎಂದು ವಿಚಾರಿಸಿದರೆ ಆ ಋಣದ ಒಂದಂಶವಾದರೂ ಸಂದಂತಾಗುತ್ತದೆ.