ಲಾರಿ ಸದ್ದಿನಲ್ಲಿ ನೆಲದ ಸ್ವಭಾವ

1985ರ ಸೆಪ್ಟೆಂಬರ್ 19ರ ಬೆಳಿಗ್ಗೆ ಮೆಕ್ಸಿಕೊದ ಪೆಸಿಫಿಕ್ ಕರಾವಳಿಯಲ್ಲಿ ಭೂಮಿ ಕಂಪಿಸಿತು. ಸಾವಿರಾರು ಜನ ಸತ್ತದ್ದು ಮಾತ್ರ ಅಲ್ಲಿಂದ 350 ಕಿ.ಮೀ.ಗೂ ದೂರದ ಮೆಕ್ಸಿಕೊ ನಗರದಲ್ಲಿ. ಅಲ್ಲೂ ಒಂದೆರಡು ಅಂತಸ್ತಿನ ಹಳೆಯ ಕಟ್ಟಡಗಳು ಬಹುಪಾಲು ಉಳಿದವು. 44 ಅಂತಸ್ತಿನ ಲ್ಯಾಟಿನೊಅಮೆರಿಕಾನಾ ಗೋಪುರವೂ ಹೆಚ್ಚು ಹಾನಿಯಿಲ್ಲದೆ ನಿಂತಿತು. ಹೆಚ್ಚು ಪೆಟ್ಟು ತಿಂದವು 6ರಿಂದ 15 ಅಂತಸ್ತಿನವು.

ಕಾರಣ ಬುಡದಲ್ಲಿತ್ತು. ನಗರದ ನಡುಭಾಗ ನಿಂತಿರುವುದೇ ಬತ್ತಿದ ಸರೋವರದ ಜೇಡಿಮಣ್ಣಿನ ಮೇಲೆ. ಅದು ಎಷ್ಟು ಮೆತ್ತಗೆಂದರೆ, ಕಂಪನದ ಅಡ್ಡ ಅಲೆ ಅದರಲ್ಲಿ ಸೆಕೆಂಡಿಗೆ ಸುಮಾರು 80 ಮೀಟರ್ ಮಾತ್ರ ಸಾಗುತ್ತದೆ. ಆಳವನ್ನು ನಾಲ್ಕರಿಂದ ಗುಣಿಸಿ ಈ ವೇಗದಿಂದ ಭಾಗಿಸಿ: 40 ಮೀಟರ್ ದಪ್ಪದ ಪದರ ಎರಡು ಸೆಕೆಂಡಿಗೊಮ್ಮೆ ತೂಗುತ್ತದೆ. ಮಧ್ಯಮ ಎತ್ತರದ ಕಟ್ಟಡಗಳು ಬಿರುಕು ಬಿಡುತ್ತಾ ತಮ್ಮ ತೂಗಾಟವನ್ನು ನಿಧಾನಿಸಿ ಅದೇ ಲಯಕ್ಕೆ ಬಂದವು. ಹದವರಿತು ತಳ್ಳಿದ ಉಯ್ಯಾಲೆಯಂತೆ ಓಲಾಟ ಏರುತ್ತಲೇ ಹೋಯಿತು.

ಈ ಲಯ ತಿಳಿಯಲು ಇನ್ನೊಂದು ಭೂಕಂಪಕ್ಕೆ ಕಾಯಬೇಕಿಲ್ಲ. ನೆಲ ಸದಾ ನಡುಗುತ್ತಿರುತ್ತದೆ. ಲಾರಿ, ಬಸ್ಸು, ಕಾರ್ಖಾನೆ, ನಮ್ಮ ಓಡಾಟ, ದೂರದ ಕಡಲಿನ ಅಲೆಗಳವರೆಗೆ ಎಲ್ಲದಕ್ಕೂ. ಜಪಾನಿನ ರೈಲ್ವೆ ಸಂಶೋಧಕ ಯುತಾಕ ನಕಮುರ 1989ರಲ್ಲಿ ಪ್ರಚಾರಕ್ಕೆ ತಂದ ವಿಧಾನ ಸರಳ: ಮೂರು ದಿಕ್ಕಿನ ಅಲುಗಾಟ ಹಿಡಿಯುವ ಪುಟ್ಟ ಕಂಪನಮಾಪಕವನ್ನು ಅರ್ಧ ಗಂಟೆ ನೆಲದ ಮೇಲಿಡಿ. ಅಡ್ಡ ಅಲುಗಾಟವನ್ನು ಮೇಲೆ-ಕೆಳಗಿನ ಅಲುಗಾಟದಿಂದ ಭಾಗಿಸಿ. ಗಟ್ಟಿ ಬಂಡೆಯ ಮೇಲೆ ಕೂತ ಮೆತ್ತನೆಯ ಮಣ್ಣಾದರೆ, ಅದರ ಸಹಜ ಲಯದಲ್ಲಿ ಈ ಅನುಪಾತದ ಗೆರೆ ಶಿಖರದಂತೆ ಏಳುತ್ತದೆ. ಊರಿನುದ್ದಕ್ಕೂ ಹೀಗೆ ಅಳೆದರೆ ಕೊಳವೆ ಕೊರೆಯದೆಯೇ ನಕ್ಷೆ ಸಿದ್ಧ. ಭೂಕಂಪದಲ್ಲಿ ನೆಲ ಎಷ್ಟು ಪಟ್ಟು ಜೋರಾಗಿ ಅಲುಗೀತು ಎಂಬುದನ್ನು ಮಾತ್ರ ಇದೊಂದರಿಂದಲೇ ನಂಬುವಂತೆ ಹೇಳಲಾಗದು; ಅದಕ್ಕೆ ಮಣ್ಣಿನ ಪರೀಕ್ಷೆ ಬೇಕೇ ಬೇಕು.

ಬೆಂಗಳೂರಿಗೂ ಇದು ದೂರದ ಮಾತಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ನಮ್ಮ ಕೆರೆಗಳ ಹೂಳು ಮೆಕ್ಸಿಕೊದಷ್ಟು ಆಳವಲ್ಲ, ಭೂಕಂಪದ ಭಯವೂ ಇಲ್ಲಿ ಅಷ್ಟಿಲ್ಲ. ಆದರೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದೇ ಸಣ್ಣ ಕಂಪನಗಳನ್ನೂ ಬಳಸಿ ನಗರದ ನೆಲವನ್ನು ಅಭ್ಯಸಿಸಿದ್ದಾರೆ. ಅಂಥ ಅಧ್ಯಯನ ಪ್ರಬಂಧಗಳಲ್ಲೇ ಉಳಿಯಬಾರದು. ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವವರ ಮೇಜಿನ ಮೇಲೆ ನೆಲದ ನಕ್ಷೆಯೂ ಇರಲಿ. ಫ್ಲ್ಯಾಟ್ ಕೊಳ್ಳುವವರು ನೀರು, ಪಾರ್ಕಿಂಗ್ ವಿಚಾರಿಸುವಾಗ ಅಡಿಯಲ್ಲಿ ಹಿಂದೆ ಕೆರೆಯಿತ್ತೇ ಎಂದೂ ದಯವಿಟ್ಟು ಕೇಳಿ.